ವೆಲ್ತಾಳ ಬೆಚ್ಚನೆಯ ಮನೆ

ನನ್ನ ತಂಗಿ ಗ್ಲೆನಿಸ್‌ಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಸ್ನಾನದ ವಿಷಯಕ್ಕೆ. ಅವಳ ಸ್ನಾನವಲ್ಲ, ಊರಿನ ಇನ್ನೊಂದು ತುದಿಯಲ್ಲಿದ್ದ ವೆಲ್ತಾ ಎಂಬ ವಿಧವೆಯ ಸ್ನಾನ.

ಜೂನ್ ತಿಂಗಳ ಒಂದು ಸಂಜೆ. ನಮ್ಮ ಬ್ಯಾಲರಟ್ ಊರಿನಲ್ಲಿ ಜೂನ್ ಅಂದರೆ ನಡುಚಳಿಗಾಲ, ಬೆಳಿಗ್ಗೆ ಹುಲ್ಲು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಕಾಲಿಟ್ಟರೆ ಗರಗರ ಎನ್ನುತ್ತದೆ. ಆ ವರ್ಷ ಚಳಿಗೆ ಕೊರತೆಯಿರಲಿಲ್ಲ, ಮಳೆಗೆ ಇತ್ತು. ವೆಂಡೂರಿ ಕೆರೆ ಪೂರ್ತಿ ಒಣಗಿ, ಹಂಸಗಳು ತೇಲುತ್ತಿದ್ದ ಜಾಗದಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ನಾವು ಮೂವರು ಅಡುಗೆಮನೆಯ ಮೇಜಿನ ಸುತ್ತ ಊಟಕ್ಕೆ ಕೂತಿದ್ದೆವು. ಗ್ಲೆನಿಸ್, ಅವಳ ಗಂಡ ಮರ್ವ್, ಮತ್ತು ನಾನು. ಸೊಂಟದ ಮೂಳೆ ಮುರಿದುಕೊಂಡ ಮೇಲೆ ನನ್ನ ಮನೆ ಮಾರಿ ಇವರ ಹಿಂದಿನ ಕೋಣೆಗೆ ಬಂದವಳು ನಾನು, ಎನಿಡ್. ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು, ಮದುವೆಯ ವಿಷಯದಲ್ಲಿ ಬರೀ ಪ್ರೇಕ್ಷಕಿ.

"ಇವತ್ತೊಂದು ಮನೆಗೆ ಹೋಗಿದ್ದೆ," ಅಂದ ಮರ್ವ್, ಆಲೂಗಡ್ಡೆ ಬಡಿಸಿಕೊಳ್ಳುತ್ತಾ. "ಏನ್ ಮನೆ ಅಂತೀಯ! ನಮ್ಮದರ ಹಾಗೇ ಹಳೇ ಹಲಗೆ ಮನೆ. ಆದ್ರೆ ಒಂದು ಸಂದಿನಲ್ಲೂ ಗಾಳಿ ನುಸುಳಲ್ಲ. ವೆಲ್ತಾ ಅಂತ. ಒಬ್ಳೇ ಇರೋದು. ಬೆಳಿಗ್ಗೆ ಸ್ನಾನ ಮೂರೇ ನಿಮಿಷದಲ್ಲಿ ಮುಗಿಸ್ತಾಳೆ, ಆ ನೀರನ್ನೂ ಬಕೆಟ್‌ನಲ್ಲಿ ಹಿಡಿದು ಗುಲಾಬಿಗೆ ಹಾಕ್ತಾಳೆ."

ಗ್ಲೆನಿಸ್ ಫೋರ್ಕನ್ನು ತಟ್ಟೆಯ ಅಂಚಿಗೆ ಇಟ್ಟಳು.

"ಅವಳ ಸ್ನಾನ ಎಷ್ಟು ಹೊತ್ತು ಅಂತ ನಿಂಗೆ ಹೇಗ್ ಗೊತ್ತು?"

"ಕೇಳ್ದೆ."

"ಕೇಳಿದ ತಕ್ಷಣ ಹೇಳ್ಬಿಟ್ಲಾ?"

"ಎಲ್ರೂ ಹೇಳ್ತಾರೆ, ಗ್ಲೆನ್. ಕೆಲಸಾನೇ ಅದು."

"ಸರಿ. ನನ್ನ ಸ್ನಾನ ಎಷ್ಟು ಹೊತ್ತು, ಹೇಳು."

ಮರ್ವ್ ಅಗಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ಬಟಾಣಿಯ ಕಡೆ ನೋಡಿದೆ.

"ಅದು... ಎಲ್ಲರಿಗೂ ಎಷ್ಟು ಹಿಡಿಯುತ್ತೋ ಅಷ್ಟು," ಅಂದ.

ಗ್ಲೆನಿಸ್ ಎದ್ದು ತಟ್ಟೆ ತೊಳೆಯಲು ಹೋದಳು. ತಟ್ಟೆಯಲ್ಲಿ ಇನ್ನೂ ಅರ್ಧ ಊಟ ಇತ್ತು.

ಮರ್ವ್ ಹೇಳಿದ್ದು ನಿಜವೇ. ಅವನ ಕೆಲಸವೇ ಅದು. ನಲವತ್ತು ವರ್ಷ ಕೊಳಾಯಿ ಕೆಲಸ ಮಾಡಿ, ಮಂಡಿ ಸೋತ ಮೇಲೆ, ಸರ್ಕಾರದ ಹೊಸ ಯೋಜನೆಗೆ ಸೇರಿಕೊಂಡಿದ್ದ. ಬರಗಾಲದ ಹೊತ್ತಿನಲ್ಲಿ ಮನೆಮನೆಗೆ ಹೋಗಿ, ವಿದ್ಯುತ್ತು, ಗ್ಯಾಸು, ನೀರು ಎಲ್ಲೆಲ್ಲಿ ಸೋರಿ ಪೋಲಾಗುತ್ತಿದೆ ಎಂದು ತಪಾಸಣೆ ಮಾಡುವ ಕೆಲಸ. ಖರ್ಚಿನ ಹೆಚ್ಚು ಪಾಲು ಸರ್ಕಾರದ್ದು, ಮನೆಯವರದು ಚೂರುಪಾರು. ಷವರ್ ಕೆಳಗೆ ಬಕೆಟ್ ಇಟ್ಟು ಸ್ಟಾಪ್‌ವಾಚ್ ಹಿಡಿಯುತ್ತಿದ್ದ. ಎಲ್ಲ ನಲ್ಲಿ ಮುಚ್ಚಿಸಿ, ಮೀಟರಿನ ಮುಳ್ಳು ಆಗಲೂ ಅಲುಗುತ್ತಿದೆಯಾ ಎಂದು ಬಗ್ಗಿ ನೋಡುತ್ತಿದ್ದ. ಊದುಬತ್ತಿ ಹಚ್ಚಿ ಕಿಟಕಿ ಬಾಗಿಲುಗಳ ಸಂದಿಗೆ ಹಿಡಿದು, ಹೊಗೆ ಎತ್ತ ಬಾಗುತ್ತದೆ ಎಂದು ನೋಡಿ ಚಳಿಗಾಳಿಯ ದಾರಿ ಹಿಡಿಯುತ್ತಿದ್ದ. ಆಮೇಲೆ ಮನೆಯವರನ್ನು ಕೂರಿಸಿಕೊಂಡು ಕೇಳುತ್ತಿದ್ದ: ಸಂಜೆ ಯಾವ ಕುರ್ಚಿಯಲ್ಲಿ ಕೂರುತ್ತೀರಿ? ಚಳಿ ಹೆಚ್ಚು ಎಲ್ಲಿ ತಾಗುತ್ತದೆ? ಸ್ನಾನ ಎಷ್ಟು ಹೊತ್ತು? ಮನೆ ನೋಡಿದರೆ ಸಾಲದು, ಮನೆಯವರು ಅದರಲ್ಲಿ ಹೇಗೆ ಬದುಕುತ್ತಾರೆ ಎಂದು ತಿಳಿಯಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರಂತೆ.

ಮರ್ವ್ ಒಳ್ಳೆಯವನು. ದಿನಾ ಬೆಳಿಗ್ಗೆ ನನ್ನ ಕಾರಿನ ಗಾಜಿನ ಮೇಲೆ ಕಟ್ಟಿದ ಮಂಜನ್ನು, ನಾನು ಎಲ್ಲಿಗೂ ಹೋಗದ ದಿನವೂ, ಕೆರೆದು ತೆಗೆಯುತ್ತಿದ್ದ. ಆದರೆ ಅದನ್ನೆಲ್ಲ ಗ್ಲೆನಿಸ್‌ಗೆ ಹೇಳುವ ಸಮಯ ಅದಾಗಿರಲಿಲ್ಲ.

ಮುಂದಿನ ವಾರ ಮರ್ವ್ ಒಂದು ಬಾಗಿಲಹಾವು ತಂದ. ಬಾಗಿಲ ಕೆಳಗಿನ ಸಂದಿಗೆ ಅಡ್ಡ ಹಾಕಲು ಮರಳು ತುಂಬಿ ಹೊಲಿದ ಉದ್ದನೆಯ ಬಟ್ಟೆಯ ಕೊಳವೆ, ಎಲ್ಲರ ಮನೆಯಲ್ಲೂ ಇರುವಂಥದ್ದು. ಇದು ಮಾತ್ರ ನೋಡಲು ಬಲು ಚೆಂದ. ಹಳೆಯ ನೀಲಿ ಪರದೆಯ ಬಟ್ಟೆ, ಅಂಚಿಗೆ ಕೆಂಪು ದಾರದ ಕಸೂತಿ, ಕಣ್ಣಿಗೆ ಎರಡು ಕೋಟಿನ ಗುಂಡಿ.

"ವೆಲ್ತಾ ಕೊಟ್ಲು," ಅಂದ. "ನಮ್ಮ ಮಲಗೋ ಕೋಣೆಗೆ."

"ಅವಳ ಕಣ್ಣು ನನ್ನ ಮಲಗೋ ಕೋಣೆಲಿ ಯಾಕೆ?" ಅಂದಳು ಗ್ಲೆನಿಸ್.

"ಗುಂಡಿ ಅದು, ಮಾರಾಯ್ತಿ."

"ಗುಂಡಿ ಅಂತ ನಂಗೂ ಗೊತ್ತು."

ಆ ಹಾವು ಎರಡು ದಿನ ಹಜಾರದಲ್ಲಿ ಬಿದ್ದಿತ್ತು. ಮೂರನೆಯ ದಿನ ನಮ್ಮ ನಾಯಿಯ ಗೂಡಿನಲ್ಲಿ ಕಂಡಿತು. ನಾಯಿಗೆ ಬಹಳ ಇಷ್ಟವಾಯಿತು.

ಒಂದು ಮನೆಗೆ ಒಂದೇ ತಪಾಸಣೆ ಎಂಬುದು ಯೋಜನೆಯ ನಿಯಮ. ಆದರೂ ಮರ್ವ್ ಪ್ರತಿ ಗುರುವಾರ ಮಧ್ಯಾಹ್ನ ವೆಲ್ತಾಳ ಮನೆಗೆ ಹೋಗತೊಡಗಿದ. ಕದ್ದುಮುಚ್ಚಿ ಏನಲ್ಲ, ಹೇಳಿಯೇ ಹೋಗುತ್ತಿದ್ದ. ಅವಳ ಪರದೆಗಳ ನೆತ್ತಿಯ ಮೇಲೆ ಮರದ ಪೆಟ್ಟಿಗೆ ಕೂರಿಸಬೇಕಂತೆ, ಇಲ್ಲದಿದ್ದರೆ ಬೆಚ್ಚನೆಯ ಗಾಳಿ ಪರದೆಯ ಹಿಂದಿನಿಂದ ಇಳಿದು ಗಾಜಿಗೆ ತಾಗಿ ತಣ್ಣಗಾಗುತ್ತದಂತೆ. ಅವಳು ಏಣಿ ಹತ್ತುವ ವಯಸ್ಸಿನವಳಲ್ಲವಂತೆ. ಗ್ಲೆನಿಸ್ ಎಲ್ಲವನ್ನೂ ಕೇಳಿಸಿಕೊಂಡು, "ನಮ್ಮ ಬಚ್ಚಲಮನೆ ಕಿಟಕಿ ಈಸ್ಟರ್‌ನಿಂದ ಮುಚ್ಚಲ್ಲ," ಅಂದಳು.

"ಮಾಡ್ತೀನಿ."

"ಈಸ್ಟರ್‌ನಲ್ಲೂ ಅದನ್ನೇ ಹೇಳಿದ್ದೆ."

"ಆ ಮನೇಲಿ ಏನ್ ಚೆನ್ನಾಗಿದೆ ಗೊತ್ತಾ," ಅಂತ ಮರ್ವ್ ಪೂರ್ತಿ ಅಮಾಯಕನ ಹಾಗೆ ಶುರು ಮಾಡಿದ. ನಾನು ಮೇಜಿನ ಕೆಳಗೆ ಅವನ ಕಾಲು ಒದೆಯಲು ನೋಡಿದೆ, ನಾಯಿಗೆ ತಾಗಿತು. "ಒಳಗೆ ಕಾಲಿಟ್ಟ ತಕ್ಷಣ ಕೋಟು ತೆಗೀಬೇಕು ಅನ್ಸತ್ತೆ."

ಗ್ಲೆನಿಸ್ ಆ ರಾತ್ರಿ ನನ್ನ ಕೋಣೆಗೆ ಬಂದು ಹಾಸಿಗೆಯ ತುದಿಯಲ್ಲಿ ಕೂತಳು. "ಕೋಟು ತೆಗೀಬೇಕು ಅನ್ಸತ್ತಂತೆ," ಅಂದಳು. ಎದ್ದು ಹೋದಳು.

ಮರುದಿನ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಔಷಧಿ ಅಂಗಡಿಗೆ ಹೊರಟವಳು, ಔಷಧಿ ಅಂಗಡಿ ಇಲ್ಲದ ಬೀದಿಗೆ ತಿರುಗಿಸಿದಳು.

"ಗ್ಲೆನಿಸ್, ಬೇಡ."

"ಬೀದಿ ಎಲ್ಲರದ್ದೂ, ಎನಿಡ್. ನಾನೂ ತೆರಿಗೆ ಕಟ್ತೀನಿ."

ಪುಟ್ಟ ಮನೆ, ಬೇಲಿಯ ಉದ್ದಕ್ಕೂ ಚಳಿಗಾಲಕ್ಕೆ ರೆಂಬೆ ಕತ್ತರಿಸಿದ ಗುಲಾಬಿ ಗಿಡಗಳು. ಮುಂದಿನ ಕಿಟಕಿಯ ಪರದೆ ತೆರೆದಿತ್ತು. ಒಳಗೆ ಒಬ್ಬಳು ಮುದುಕಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಎಪ್ಪತ್ತು ದಾಟಿದವಳು, ದಪ್ಪನೆಯ ಮೈ, ದಪ್ಪನೆಯ ಕನ್ನಡಕ, ಬಿಳಿ ಜಡೆಯನ್ನು ತಲೆಯ ಸುತ್ತ ಸುತ್ತಿದ್ದಳು. ಯುದ್ಧ ಮುಗಿದ ಮೇಲೆ ಲಾಟ್ವಿಯಾದಿಂದ ಹಡಗಿನಲ್ಲಿ ಬಂದ ಹೆಂಗಸರಲ್ಲಿ ಅನೇಕರು ಹಾಗೆ ಸುತ್ತುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ.

"ನೋಡು," ಅಂದೆ ಸಮಾಧಾನದ ದನಿಯಲ್ಲಿ. "ನನ್ನಷ್ಟೇ ವಯಸ್ಸಾಗಿದೆ, ಪಾಪ."

ಗ್ಲೆನಿಸ್ ನೋಡುತ್ತಿದ್ದುದು ಮುಖವನ್ನಲ್ಲ.

"ಅರ್ಧ ತೋಳು," ಅಂದಳು ಮೆಲ್ಲಗೆ. "ಜೂನ್ ತಿಂಗಳಲ್ಲಿ, ಅರ್ಧ ತೋಳಿನ ಬ್ಲೌಸ್ ಹಾಕ್ಕೊಂಡು ಕೂತಿದಾಳೆ, ಎನಿಡ್."

ಗ್ಲೆನಿಸ್‌ಳ ಮೈಮೇಲೆ ಒಳಗೊಂದು ಉಣ್ಣೆ ಅಂಗಿ, ಅದರ ಮೇಲೆ ಸ್ವೆಟರು, ಅದರ ಮೇಲೆ ಮರ್ವ್‌ನ ಹಳೆಯ ಕೋಟು. ಸ್ಟೀರಿಂಗ್ ಹಿಡಿದ ಬೆರಳುಗಳ ಗೆಣ್ಣುಗಳು ಚಳಿಗೆ ಕೆಂಪಾಗಿ ಒಡೆದಿದ್ದವು. ಆ ಹೆಂಗಸು ಚೆಲುವೆಯಾಗಿದ್ದರೆ ನನ್ನ ತಂಗಿ ಇಷ್ಟು ಉರಿದುಕೊಳ್ಳುತ್ತಿರಲಿಲ್ಲ ಅಂತ ನನಗೆ ಆಗ ಹೊಳೆಯಿತು. ಚೆಲುವಿನ ಜೊತೆ ಹೇಗೆ ಜಗಳವಾಡುವುದೆಂದು ಅವಳಿಗೆ ಗೊತ್ತಿತ್ತು. ಬರಿಯ ತೋಳಿನ ಜೊತೆ ಏನು ಮಾಡುವುದು?

ಅಂದು ಸಂಜೆ ಅವಳು ಮರ್ವ್‌ನನ್ನು ನೇರವಾಗಿಯೇ ಕೇಳಿದಳು. "ನಮ್ಮ ಮನೆ ತಪಾಸಣೆ ಮಾಡು."

ಮರ್ವ್ ನಕ್ಕ. "ನಮ್ಮ ಮನೆ ನಂಗೊತ್ತಿಲ್ವಾ? ಮೂವತ್ತೆಂಟು ವರ್ಷದಿಂದ ಇದೀನಿ. ಆಮೇಲೆ ಸ್ವಂತ ಮನೆ ಮಾಡೋ ಹಾಗಿಲ್ಲ, ನಿಯಮ. ಬೇರೆಯವರೇ ಬರ್ಬೇಕು."

"ಹಂಗಾದ್ರೆ ಬೇರೆಯವರೇ ಬರ್ಲಿ."

ಅವನಿಗೆ ಅದು ತಮಾಷೆಯಾಗಿ ಕೇಳಿಸಿತು. ನನಗೆ ಹಾಗೆ ಕೇಳಿಸಲಿಲ್ಲ. ಬೆಳಿಗ್ಗೆ ಅವನು ಹೊರಟ ಕೂಡಲೇ ಅವಳು ಯೋಜನೆಯ ಕಚೇರಿಗೆ ಫೋನ್ ಮಾಡಿದಳು. ಫೋನ್ ಇಟ್ಟು, ಕುರ್ಚಿ ಎಳೆದು ಹತ್ತಿ, ಬೀರುವಿನ ಮೇಲಿದ್ದ ಸೂಟ್‌ಕೇಸನ್ನು ಕೆಳಗಿಳಿಸಿದಳು.

"ಇದೇನು?" ಅಂದೆ.

"ಗುರುವಾರ ಬರ್ತಾರಂತೆ, ಬೆಂಡಿಗೋ ಊರಿನವರು." ಸೂಟ್‌ಕೇಸಿನ ಧೂಳು ಒರೆಸುತ್ತಾ ಅಂದಳು. "ಇವನು ಹೋದ ಗುರುವಾರ ಬಂದಾಗ ಕತ್ತಲಾಗಿತ್ತು. ಅದಕ್ಕೂ ಹಿಂದಿನ ವಾರ ಕತ್ತಲಾಗೋ ಹೊತ್ತು. ಈ ಗುರುವಾರ ಅಲ್ಲೇ ಊಟಕ್ಕೂ ನಿಂತ ಅಂದ್ರೆ, ನಾನು ಜೀಲಾಂಗ್‌ಗೆ ಮಗಳ ಮನೆಗೆ ಹೋಗ್ತೀನಿ. ವಾಪಸ್ ಯಾವಾಗ ಅಂತ ಯಾರೂ ಕೇಳ್ಬೇಡಿ."

"ಒಂದು ಊಟಕ್ಕೆ ಯಾರಾದ್ರೂ ಮನೆ ಬಿಡ್ತಾರಾ?"

"ಊಟಕ್ಕಲ್ಲ," ಅಂದಳು. ಅವಳ ಕಣ್ಣು ತುಂಬಿತ್ತು. "ಅವನು ಅವಳನ್ನ ಕೇಳಿದ್ದನ್ನೆಲ್ಲ ನನ್ನನ್ನ ಯಾವತ್ತಾದ್ರೂ ಕೇಳಿದಾನಾ? ಚಳಿ ಎಲ್ಲಿ ತಾಗತ್ತೆ ಅಂತ? ಒಂದೇ ಒಂದ್ಸಲ?"

ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

ಗುರುವಾರ ಬಂದವನ ಹೆಸರು ಕಾನ್. ಗ್ರೀಕರವನು, ಐವತ್ತರ ಆಸುಪಾಸು, ತಲೆ ಬೋಳು, ಹುಬ್ಬು ಮಾತ್ರ ದಟ್ಟ. ಒಳಗೆ ಬರುವ ಮೊದಲು ಬೂಟು ಬಿಚ್ಚಿ ಬಾಗಿಲ ಪಕ್ಕ ಜೋಡಿಸಿಟ್ಟ. ಊದುಬತ್ತಿಯ ಬೂದಿ ನೆಲಕ್ಕೆ ಬೀಳದ ಹಾಗೆ ಕೆಳಗೆ ಒಂದು ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ಓಡಾಡಿದ. ಗ್ಲೆನಿಸ್ ಅವನ ಹಿಂದೆ ಹಿಂದೆ ಹೋಗುತ್ತಿದ್ದಳು, ಲಿಪ್‌ಸ್ಟಿಕ್ ಹಾಕಿದ್ದಳು. ನಾನು ನನ್ನ ಹಸಿರು ಕುರ್ಚಿಯಲ್ಲಿ ಗ್ಯಾಸ್ ಹೀಟರಿನ ಪಕ್ಕ ಕೂತು ನೋಡುತ್ತಿದ್ದೆ.

ಹೊಗೆ ಎಲ್ಲೆಲ್ಲೂ ಬಾಗಿತು. ಮುಚ್ಚಿದ ಕಿಟಕಿಯ ಪಕ್ಕ, ನೆಲದಂಚಿನ ಹಲಗೆಯ ಮೇಲೆ, ದೀಪದ ಸ್ವಿಚ್ಚಿನ ಸುತ್ತ. ಉರಿಸುವುದು ಬಿಟ್ಟು ವರ್ಷಗಳಾಗಿದ್ದ ಹಳೆಯ ಅಗ್ಗಿಷ್ಟಿಕೆಯ ಹತ್ತಿರ ಬಂದಾಗಲಂತೂ ಯಾರೋ ಎಳೆದುಕೊಂಡ ಹಾಗೆ ಚಿಮಣಿಯೊಳಗೆ ಹೋಯಿತು.

"ನಿಮ್ಮ ಹೀಟರು ಬಿಸಿ ಮಾಡ್ತಿರೋದು ಆಕಾಶಾನ," ಅಂದ ಕಾನ್.

"ಆಕಾಶಕ್ಕಾದ್ರೂ ಬೆಚ್ಚಗಿರ್ಲಿ," ಅಂದಳು ಗ್ಲೆನಿಸ್. ಅವನು ನಕ್ಕ. ಅವಳೂ ನಕ್ಕಳು. ಬಹಳ ದಿನವಾಗಿತ್ತು ಅವಳು ನಕ್ಕು.

ಆಗ ಹೊರಗೆ ಮರ್ವ್‌ನ, ಹಿಂದೆ ಸಾಮಾನು ಹೇರುವ ಯೂಟ್ ಗಾಡಿಯ ಸದ್ದಾಯಿತು. ವೆಲ್ತಾಳ ಮನೆಗೆ ಹೊರಟವನು ಉದ್ದದ ಏಣಿ ಮರೆತಿದ್ದ. ಮನೆ ಮುಂದೆ ತನ್ನ ಯೋಜನೆಯದೇ ಚಿಹ್ನೆಯಿದ್ದ ಬೇರೆ ಗಾಡಿ ನೋಡಿ ಒಳಗೆ ಬಂದ. ಕೋಣೆಯ ಬಾಗಿಲಲ್ಲಿ ನಿಂತು, ಊದುಬತ್ತಿ ಹಿಡಿದ ಗಂಡಸನ್ನೂ ಲಿಪ್‌ಸ್ಟಿಕ್ ಹಾಕಿದ ಹೆಂಡತಿಯನ್ನೂ ನೋಡಿದ.

"ಏನಿದು?"

"ತಪಾಸಣೆ," ಅಂದಳು ಗ್ಲೆನಿಸ್. "ಬೇರೆಯವರೇ ಬರ್ಬೇಕು ಅಂದಿದ್ಯಲ್ಲ."

ಕಾನ್ ಕೈ ಕುಲುಕಿ ಹೆಸರು ಹೇಳಿದ. ತರಬೇತಿಯಲ್ಲಿ ನೋಡಿದ ನೆನಪು ಅಂದ. ಮರ್ವ್ ತಲೆಯಾಡಿಸಿದ, ನಗಲಿಲ್ಲ. ಹೋಗಲೂ ಇಲ್ಲ. ತನ್ನ ಮನೆಯಲ್ಲಿ ತಾನೇ ಅತಿಥಿಯಂತೆ ಗೋಡೆಗೆ ಒರಗಿ ನಿಂತ.

ಕಾನ್ ಕುರ್ಚಿ ಎಳೆದು ಗ್ಲೆನಿಸ್‌ಳ ಎದುರು ಕೂತ. "ಈಗ ಸ್ವಲ್ಪ ಪ್ರಶ್ನೆ. ಸಂಜೆ ಹೊತ್ತು ನೀವು ಎಲ್ಲಿ ಕೂರ್ತೀರಿ?"

"ಆ ಹಸಿರು ಕುರ್ಚಿ," ಅಂದ ಮರ್ವ್, ಗೋಡೆಯ ಕಡೆಯಿಂದ. "ಹೀಟರ್ ಪಕ್ಕ."

ಆ ಹಸಿರು ಕುರ್ಚಿಯಲ್ಲಿ ನಾನು ಕೂತಿದ್ದೆ. ಎರಡು ವರ್ಷದಿಂದ ನಾನೇ ಕೂರುತ್ತಿದ್ದೆ.

"ನಾನು ಅವರನ್ನ ಕೇಳಿದ್ದು, ಮೇಟ್," ಅಂದ ಕಾನ್ ಮೃದುವಾಗಿ.

"ಬಟ್ಟೆ ಒಗೆಯೋ ಕೋಣೇಲಿ," ಅಂದಳು ಗ್ಲೆನಿಸ್.

ಸಂಜೆ ಊಟವಾದ ಮೇಲೆ ಅವಳು ಆ ಕೋಣೆಗೆ ಹೋಗುತ್ತಿದ್ದುದು ನಮ್ಮಿಬ್ಬರಿಗೂ ಗೊತ್ತಿತ್ತು. ರೇಡಿಯೋ ಕೇಳಿಸುತ್ತಿತ್ತು, ಇಸ್ತ್ರಿಯ ಉಗಿ ವಾಸನೆ ಬರುತ್ತಿತ್ತು. ನಮ್ಮ ಮನೆಯಲ್ಲಿ ತಟ್ಟೆ ಒರೆಸುವ ಬಟ್ಟೆಗೂ ಇಸ್ತ್ರಿ ಬೀಳುತ್ತಿತ್ತು. ಅವಳಿಗೆ ಅಚ್ಚುಕಟ್ಟಿನ ಹುಚ್ಚು ಅಂತ ನಾನು ಮರ್ವ್ ಸೇರಿ ತಮಾಷೆ ಮಾಡಿದ್ದೂ ಉಂಟು.

"ಅಲ್ಲಿ ಯಾಕೆ?"

"ಬಿಸಿನೀರಿನ ಟ್ಯಾಂಕು ಅಲ್ಲಿದೆಯಲ್ಲ. ಸ್ಟೂಲ್ ಹಾಕ್ಕೊಂಡು ಅದಕ್ಕೆ ಬೆನ್ನು ಕೊಟ್ರೆ ಬೆಚ್ಚಗಿರತ್ತೆ. ಇಸ್ತ್ರಿ ಮಾಡಿದ್ರೆ ಕೈನೂ ಬೆಚ್ಚಗಾಗತ್ತೆ."

"ಹೀಟರ್ ಹತ್ರ ಕೂರಲ್ವಾ?"

"ಇದರ ಶಾಖ ಒಂದೇ ಕುರ್ಚಿಗೆ ತಾಗೋದು." ಅವಳು ನನ್ನ ಕಡೆ ನೋಡಲಿಲ್ಲ. "ಎನಿಡ್‌ಗೆ ಸೊಂಟ ನೋವು."

ನನ್ನ ಪಕ್ಕದಲ್ಲಿ ಹೀಟರು ಹದವಾಗಿ ಉರಿಯುತ್ತಿತ್ತು. ಆ ಕುರ್ಚಿ ನನ್ನ ಪಾಲಿಗೆ ಹೇಗೆ ಬಂತೆಂದು ನಾನು ಎಂದೂ ಯೋಚಿಸಿರಲಿಲ್ಲ. ಬಂದ ದಿನ ಅವಳು "ಇಲ್ಲಿ ಕೂತ್ಕೋ" ಅಂದಿದ್ದಳು, ಕೂತಿದ್ದೆ.

"ಸ್ನಾನ ಎಷ್ಟು ಹೊತ್ತು?"

"ಎರಡು ನಿಮಿಷ. ಅಷ್ಟೊತ್ತಿಗೆ ಬಿಸಿನೀರು ಮುಗಿಯತ್ತೆ. ಇವನು ಮೊದಲು ಹೋಗ್ತಾನೆ, ಕೆಲಸಕ್ಕೆ ಹೊರಡ್ಬೇಕಲ್ಲ."

ಮರ್ವ್‌ನ ಕಿವಿಗಳು ಕೆಂಪಾಗಿದ್ದವು. ಕಾನ್ ಸ್ವಲ್ಪ ಯೋಚಿಸಿ ಹೇಳಿದ: "ಆ ಟ್ಯಾಂಕಿಂದ ಶಾಖ ಸೋರ್ತಿದೆ, ಅದಕ್ಕೇ ನಿಮ್ಮ ಬೆನ್ನು ಬೆಚ್ಚಗಾಗೋದು. ಅದಕ್ಕೆ ಹೊದಿಕೆ ಸುತ್ತಿ ಅಂತ ನಾನು ಬರೀಲೇಬೇಕು. ಆದ್ರೆ ಅದನ್ನ ಕೊನೆಗೆ ಬರೀತೀನಿ. ಮೊದಲು ನಿಮಗೆ ಕೂರೋಕೆ ಒಂದು ಜಾಗ ಆಗ್ಲಿ." ಅಷ್ಟು ಹೇಳಿ ಅವಳ ಕಡೆ ನೋಡಿ ಮುಗುಳ್ನಕ್ಕ. ಅದು ಕೆಲಸದ ಭಾಗವಾಗಿತ್ತೋ ಇಲ್ಲವೋ, ಗ್ಲೆನಿಸ್ ಮಾತ್ರ ಕೂದಲು ಸರಿಮಾಡಿಕೊಂಡಳು. ಮರ್ವ್ ಅದನ್ನು ನೋಡಿದ.

"ನಿಮ್ಮ ಯಜಮಾನರು? ಅವರು ಎಲ್ಲಿ ಕೂರ್ತಾರೆ?" ಅಂತ ಕೇಳಿದ ಕಾನ್.

"ನಾನು ಇಲ್ಲೇ—" ಅಂತ ಮರ್ವ್ ಶುರು ಮಾಡಿದ.

"ಯೂಟ್‌ನಲ್ಲಿ," ಅಂದಳು ಗ್ಲೆನಿಸ್. "ದಿನಾ ಸಂಜೆ ಗಾಡಿ ತಂದು ನಿಲ್ಲಿಸ್ತಾನೆ. ಎಂಜಿನ್ ಆಫ್ ಆಗತ್ತೆ. ಬಾಗಿಲು ತೆಗೆಯೋ ಸದ್ದಾಗಲ್ಲ. ರೇಡಿಯೋದಲ್ಲಿ ಸುದ್ದಿ ಮುಗಿಯೋವರೆಗೂ ಒಳಗೇ ಕೂತಿರ್ತಾನೆ. ನಾನು ಸಿಂಕ್ ಹತ್ರ ನಿಂತು ಕಾಯ್ತಾ ಇರ್ತೀನಿ." ಅವಳು ಮರ್ವ್ ಕಡೆ ತಿರುಗಿದಳು. "ಆ ವೆಲ್ತಾ ಮನೆಯ ಗುಂಗು ಇಳಿಯೋಕೆ ಅಷ್ಟು ಹೊತ್ತು ಬೇಕೇನೋ ಅಂದ್ಕೊಳ್ತಿದ್ದೆ."

ಕಾನ್ ತಟ್ಟನೆ ಮಂಡಿಯೂರಿ, ಆಗಲೇ ನೋಡಿ ಮುಗಿಸಿದ್ದ ನೆಲದಂಚಿನ ಹಲಗೆಯನ್ನು ಮತ್ತೊಮ್ಮೆ ಬಹಳ ಗಮನವಿಟ್ಟು ನೋಡತೊಡಗಿದ. ಆ ಮನುಷ್ಯನನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

"ಗಾಡಿ ಒಳಗೆ ಬೆಚ್ಚಗಿರತ್ತೆ, ಗ್ಲೆನ್," ಅಂದ ಮರ್ವ್ ಕೊನೆಗೆ. "ಅಷ್ಟೇ. ಮನೆ ಒಳಗೆ ಬಂದ್ರೆ ಮೂಳೆ ಕೊರೆಯುತ್ತೆ. ಇನ್ನೈದು ನಿಮಿಷ, ಇನ್ನೈದು ನಿಮಿಷ ಅಂತ ಕೂತಿರ್ತೀನಿ."

"ವೆಲ್ತಾ ಮನೇಲೂ ಅಷ್ಟೇನಾ?"

ಅವನು ಸುಳ್ಳು ಹೇಳಬಹುದಿತ್ತು. ನಾನಂತೂ ಹೇಳಲಿ ಅಂತಲೇ ಆಸೆಪಟ್ಟೆ.

"ಅಲ್ಲಿ ಕೂತ್ರೆ ಎದ್ದು ಬರೋಕೆ ಮನಸ್ಸಾಗಲ್ಲ," ಅಂದ. "ಬೆಚ್ಚಗಿರತ್ತೆ. ನಾನು ಹೇಳಿದ್ದನ್ನ ಕೇಳ್ತಾಳೆ. ನಾನೊಬ್ಬ ಬುದ್ಧಿವಂತ ಅನ್ನೋ ಹಾಗೆ ನೋಡ್ತಾಳೆ. ಅದೂ ಚೆನ್ನಾಗಿರತ್ತೆ. ಬೇರೇನೂ ಇಲ್ಲ."

"ಅದು ಕಮ್ಮಿನಾ?" ಅಂದಳು ಗ್ಲೆನಿಸ್.

ಕಾನ್ ಎರಡು ಹೊಸ ಬಲ್ಬು, ನೀರು ಕಡಿಮೆ ಸುರಿಸುವ ಷವರ್ ತಲೆ, ಬಚ್ಚಲ ಗೋಡೆಗೆ ಅಂಟಿಸುವ ಮರಳು ಗಡಿಯಾರ, ಎಲ್ಲವನ್ನೂ ಮೇಜಿನ ಮೇಲಿಟ್ಟು, ವರದಿ ಅಂಚೆಯಲ್ಲಿ ಬರುತ್ತದೆ ಎಂದು ಹೇಳಿ, ಬೂಟು ಹಾಕಿಕೊಂಡು ಹೊರಟ. ಅವನ ಗಾಡಿ ಬೀದಿ ತಿರುಗಿತು.

"ಅವನಿಗೆ ಎಲ್ಲಾ ಹೇಳಿದೆ," ಅಂದ ಮರ್ವ್. ಅವನ ಮುಖದಲ್ಲಿ ಇದ್ದದ್ದು ಕೋಪವಲ್ಲ. ಕಳೆದ ಕೆಲವು ವಾರ ನಾನು ಗ್ಲೆನಿಸ್‌ಳ ಮುಖದಲ್ಲಿ ನೋಡುತ್ತಿದ್ದದ್ದೇ ಅಲ್ಲಿತ್ತು. "ಟ್ಯಾಂಕು, ಸ್ಟೂಲು, ಸ್ನಾನ. ಯಾರೋ ಬೆಂಡಿಗೋ ಗಂಡಸಿಗೆ. ನಂಗೆ ಯಾವತ್ತೂ ಹೇಳ್ಲಿಲ್ಲ."

"ಅವನು ಕೇಳ್ದ."

"ಅವನು ಎಲ್ರನ್ನೂ ಕೇಳ್ತಾನೆ! ಕೆಲಸಾನೇ ಅದು!"

"ಗೊತ್ತು," ಅಂದಳು. "ಆದ್ರೂ ಚೆನ್ನಾಗಿತ್ತು."

ಮರ್ವ್ ಹೊರಗೆ ಹೋಗಿ ಏಣಿಯ ಪಕ್ಕ ನಿಂತ. ಸ್ವಲ್ಪ ಹೊತ್ತಿಗೆ ತಲೆ ಒಳಗೆ ಹಾಕಿ, "ವೆಲ್ತಾಗೆ ಫೋನ್ ಮಾಡಿ ಬರಲ್ಲ ಅಂತೀನಿ," ಅಂದ.

"ಹೋಗು. ಪಾಪ, ಅವಳ ಕಿಟಕಿ ಅರ್ಧಕ್ಕೆ ಬಿಟ್ಟಿದೀಯ. ಅವಳೇ ಏಣಿ ಹತ್ತಿ ಬಿದ್ರೆ ಆ ಪಾಪ ನಂಗೆ ಬೇಡ." ಗ್ಲೆನಿಸ್ ಕುರಿಮಾಂಸಕ್ಕೆ ರೋಸ್‌ಮರಿ ಎಲೆ ಬಿಡಿಸುತ್ತಿದ್ದಳು. "ನಾವು ಊಟಕ್ಕೆ ಆರಕ್ಕೆ ಕೂರ್ತೀವಿ. ಕಾಯಲ್ಲ."

ಅವನು ಹೋದ. ಅವಳು ಮಾಂಸವನ್ನು ಒಲೆಗಿಟ್ಟು, ಕೋಣೆಗೆ ಹೋಗಿ, ಸೂಟ್‌ಕೇಸಿನಲ್ಲಿ ಬಟ್ಟೆ ಜೋಡಿಸತೊಡಗಿದಳು. ನಾನು ಬಾಗಿಲಲ್ಲಿ ನಿಂತೆ. ನನ್ನ ಕುರ್ಚಿಯ ಬಗ್ಗೆ ಏನಾದರೂ ಹೇಳಬೇಕೆನಿಸಿತು.

"ಗ್ಲೆನಿಸ್, ಆ ಕುರ್ಚಿ—"

"ಅದರ ವಿಷಯ ಎತ್ತಿದ್ರೆ ನಿನ್ನ ಜೊತೆನೂ ಮಾತು ಬಿಡ್ತೀನಿ," ಅಂದಳು. ಉಣ್ಣೆಯ ಕಾಲುಚೀಲಗಳನ್ನು ಸೂಟ್‌ಕೇಸಿಗೆ ಹಾಕಿದಳು, ಒಂದು ಜೊತೆ ತೆಗೆದು ನನ್ನ ಕೈಗೆ ಕೊಟ್ಟಳು. "ಇದು ನಿನ್ನದು. ನನ್ನದರಲ್ಲಿ ಬೆರೆತಿತ್ತು."

ಬೆಳಕು ಇಳಿಯಿತು. ಅವಳು ಸಿಂಕಿನ ಬಳಿ ನಿಂತು, ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ನಾನು ಮೇಜಿನ ಮೇಲೆ ಮೂರು ತಟ್ಟೆ ಇಟ್ಟೆ. ಅವಳು ಒಂದನ್ನು ತೆಗೆದು ಒಳಗಿಟ್ಟಳು. ನಾನು ಮತ್ತೆ ಹೊರಗಿಟ್ಟೆ.

ಊಟಕ್ಕೆ ಇನ್ನೂ ಹೊತ್ತಿತ್ತು, ಯೂಟ್ ಬಂತು. ಎಂಜಿನ್ ನಿಂತಿತು. ಗ್ಲೆನಿಸ್ ನಲ್ಲಿ ಮುಚ್ಚಿ ಕಿವಿಗೊಟ್ಟಳು. ನಾನೂ ಕಿವಿಗೊಟ್ಟೆ. ಬಾಗಿಲ ಸದ್ದಾಗಲಿಲ್ಲ.

"ನೋಡಿದ್ಯಾ," ಅಂದಳು. ಬಾಯಿ ಒಂದು ಕಡೆ ಓರೆಯಾಯಿತು. "ನೋಡಿದ್ಯಾ, ಎನಿಡ್? ಇಷ್ಟೆಲ್ಲಾ ಆದ ಮೇಲೂ."

ಆಗ ಬಾಗಿಲು ತೆರೆಯಿತು. ಅವನ ಕಡೆಯದಲ್ಲ, ಈಚೆ ಕಡೆಯದು. ಕಿಟಕಿಯಿಂದ ಕಾಣುತ್ತಿತ್ತು: ಮರ್ವ್ ಒಳಗಿನಿಂದಲೇ ಸೀಟಿನ ಅಡ್ಡಕ್ಕೆ ಬಾಗಿ, ಕೈ ಚಾಚಿ, ಪಕ್ಕದ ಬಾಗಿಲನ್ನು ತಳ್ಳಿ ಹಿಡಿದಿದ್ದ. ಗಾಡಿಯೊಳಗಿನ ಸಣ್ಣ ದೀಪ ಹತ್ತಿಕೊಂಡಿತ್ತು. ಅವನು ಕರೆಯಲಿಲ್ಲ. ಹಾರ್ನ್ ಒತ್ತಲಿಲ್ಲ. ಸೋತ ಮಂಡಿಯವನು ಹಾಗೆ ಅಡ್ಡಡ್ಡ ಬಾಗಿ ಬಾಗಿಲು ಹಿಡಿದುಕೊಂಡೇ ಇದ್ದ.

"ಬೆಚ್ಚಗಿರೋದೆಲ್ಲ ಹೊರಗೆ ಹೋಗತ್ತೆ, ದಡ್ಡ," ಅಂದಳು ಗ್ಲೆನಿಸ್, ಅವನಿಗೆ ಕೇಳಿಸದಿದ್ದರೂ. ಮನೆಯ ಚಪ್ಪಲಿಯಲ್ಲೇ, ಕೋಟು ಕೂಡ ಹಾಕಿಕೊಳ್ಳದೆ ಹೊರಟಳು. ಅವಳು ಹತ್ತಿ ಕೂತ ಮೇಲೆ ಬಾಗಿಲು ಧಡಾರನೆ ಮುಚ್ಚಿತು.

ನಾನು ಮಾಂಸದ ಉರಿ ತಗ್ಗಿಸಿ, ಎರಡು ಮಗ್ ಚಹಾ ಮಾಡಿಕೊಂಡು, ನಿಧಾನಕ್ಕೆ ಹೆಜ್ಜೆ ಇಟ್ಟು ಗಾಡಿಯ ಹತ್ತಿರ ಹೋದೆ. ಕಿಟಕಿಯ ಗಾಜು ಅರ್ಧ ಇಳಿದಿತ್ತು. ಅವಳ ಮಡಿಲಲ್ಲಿ ಕಾಗದದ ಚೀಲ, ಅದರಲ್ಲಿ ಹಂದಿಮಾಂಸದ ಚೂರು ತುಂಬಿದ ಪುಟ್ಟ ಬನ್ನುಗಳು, ಇನ್ನೂ ಬಿಸಿ. ಯಾರು ಮಾಡಿದ್ದೆಂದು ಕೇಳಬೇಕಾಗಿರಲಿಲ್ಲ.

"ಊಟಕ್ಕೆ ನಿಲ್ಲು ಅಂದ್ಲು. ಹೆಂಡತಿ ಕಾಯ್ತಿರ್ತಾಳೆ ಅಂದೆ. ಹಾಗಾದ್ರೆ ಅವಳಿಗೆ ಕೊಡು ಅಂತ ಕಟ್ಟಿ ಕೊಟ್ಲು," ಅನ್ನುತ್ತಿದ್ದ ಮರ್ವ್.

ಗ್ಲೆನಿಸ್ ಒಂದನ್ನು ಕಚ್ಚಿ, ಬಹಳ ಹೊತ್ತು ಅಗಿದಳು.

"ಉಪ್ಪು ಜಾಸ್ತಿ," ಅಂದಳು.

"ಹೌದಾ?"

"ಹೂಂ." ಚೀಲದೊಳಗೆ ಕೈ ಹಾಕಿ ಇನ್ನೊಂದು ತೆಗೆದುಕೊಂಡಳು.

ಮರ್ವ್ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಮುಂದೆ ನೋಡುತ್ತಿದ್ದ. "ಅಲ್ಲಿ ಕೂತು ಇಸ್ತ್ರಿ ಮಾಡ್ತಾ ಏನ್ ಯೋಚ್ನೆ ಮಾಡ್ತಿರ್ತೀಯ?" ಅಂದ.

"ಅದು ಸರ್ಕಾರದ ಪ್ರಶ್ನೇನಾ?"

"ಅಲ್ಲ. ನಂದು."

ಗ್ಲೆನಿಸ್ ಅವನ ಕಡೆ ತಿರುಗಿದಳು. ಆಗ ನಾನು ಕಿಟಕಿಯಲ್ಲಿ ನಿಂತಿರುವುದು ಅವಳ ಕಣ್ಣಿಗೆ ಬಿತ್ತು. ಎರಡೂ ಮಗ್ಗುಗಳನ್ನು ನನ್ನ ಕೈಯಿಂದ ತೆಗೆದುಕೊಂಡಳು, "ಚಳಿ, ಒಳಗೆ ಹೋಗು ಎನಿಡ್," ಅಂದಳು, ಮತ್ತು ನನ್ನ ಮುಖದೆದುರೇ ಗಾಜನ್ನು ಪೂರ್ತಿ ಮೇಲಕ್ಕೇರಿಸಿದಳು.